ಎಡ್ಮಂಟನ್ ಚಳಿಗಾಲದ ಬಗ್ಗೆ, ಹೊಸದಾಗಿ ಬಂದ ಹಿರಿಯರೊಬ್ಬರಿಗೆ

ಮಾನ್ಯರೇ,

ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ, ಮಕ್ಕಳ ಬಳಿ ದೀರ್ಘಕಾಲ ಇರಲು ಹೆತ್ತವರಿಗೆ ಕೊಡುವ ಸೂಪರ್ ವೀಸಾದ ಮೇಲೆ ದಾವಣಗೆರೆಯಿಂದ ಕೆನಡಾದ ಎಡ್ಮಂಟನ್ನಿನ ಮಗಳ ಮನೆಗೆ ಪತ್ನೀಸಮೇತ ಬಂದಿದ್ದೀರಿ. ಅಕ್ಟೋಬರಿನಲ್ಲೇ ಬಿದ್ದ ಹಿಮ ನೋಡಿ, ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ಏಪ್ರಿಲ್‌ವರೆಗೂ ಕಿಟಕಿಯ ಮುಂದೆ ಕುಳಿತೇ ಇರಬೇಕೇ, ಇಲ್ಲೇ ನೆಲೆಸಿರುವ ನಾನೂ ನನ್ನ ಪತ್ನಿಯೂ ಚಳಿಗಾಲವನ್ನು ಹೇಗೆ ಕಳೆಯುತ್ತೇವೆ ಎಂದು ಕೇಳಿದ್ದೀರಿ. ಕುಳಿತಿರಬೇಕಾದ ಅಗತ್ಯ ಖಂಡಿತ ಇಲ್ಲ. ನಿಮ್ಮ ಪತ್ರದ ತುಂಬ ಚಳಿಯ ಭಯವೇ ಇದೆ. ನಮ್ಮ ವಯಸ್ಸಿನವರು ಅದಕ್ಕಿಂತ ಹೆಚ್ಚಾಗಿ ಹೆದರಬೇಕಾದದ್ದು ಜಾರುವ ನೆಲಕ್ಕೆ ಮತ್ತು ಸಂಜೆ ನಾಲ್ಕಕ್ಕೇ ಕವಿಯುವ ಕತ್ತಲೆಗೆ.

ಮನೆಯೊಳಗಂತೂ ಚಳಿ ಇರುವುದಿಲ್ಲ. ನೆಲಮಾಳಿಗೆಯ ಫರ್ನೇಸ್ ಗ್ಯಾಸಿನಿಂದ ಉರಿದು ಬಿಸಿಗಾಳಿಯನ್ನು ಕೋಣೆಕೋಣೆಗೂ ಕಳಿಸುತ್ತದೆ. ಥರ್ಮೋಸ್ಟಾಟನ್ನು 20 ಅಥವಾ 21 ಡಿಗ್ರಿಗೆ ಇಟ್ಟರೆ ಒಂದು ಸ್ವೆಟರ್ ಸಾಕು. ಕಾಡುವುದು ಒಣಹವೆ. ಹೊರಗಿನ ಕೊರೆಯುವ ಗಾಳಿಯಲ್ಲಿ ನೀರಾವಿ ಬಹಳ ಕಡಿಮೆ ಇರುವುದರಿಂದ, ಅದೇ ಗಾಳಿ ಒಳಗೆ ಬಂದು ಬಿಸಿಯಾದಾಗ ಮೂಗು ಒಣಗಿ ರಕ್ತ ಜಿನುಗುತ್ತದೆ, ಹಿಮ್ಮಡಿ ಒಡೆಯುತ್ತದೆ, ರಾತ್ರಿಯೆಲ್ಲ ಗಂಟಲು ಕೆರೆಯುತ್ತದೆ. ಸ್ನಾನವಾದ ಕೂಡಲೇ, ಮೈ ಇನ್ನೂ ಒದ್ದೆ ಇರುವಾಗಲೇ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಅದು 24 ಡಿಗ್ರಿಯ ಸುಮಾರಿನಲ್ಲಿ ಗಟ್ಟಿಯಾಗುವುದರಿಂದ ಊರಿನಿಂದ ತಂದ ಸಣ್ಣ ಬಾಯಿಯ ಬಾಟಲಿ ಇಲ್ಲಿ ಉಪಯೋಗಕ್ಕೆ ಬಾರದು. ನಾವು ಅಗಲ ಬಾಯಿಯ ಡಬ್ಬಿಯಲ್ಲಿಟ್ಟು ಚಮಚದಿಂದ ತೆಗೆಯುತ್ತೇವೆ. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಹಾಕಿದರೆ ಉಸಿರಾಟಕ್ಕೆ ಹಿತ, ಆದರೆ ಹೊರಗೆ ಚಳಿ ಏರಿದಂತೆ ಅದನ್ನು ತಗ್ಗಿಸುತ್ತಾ ಹೋಗಬೇಕು, ಇಲ್ಲವಾದರೆ ಕಿಟಕಿಯ ಗಾಜಿನ ಒಳಮೈಯಲ್ಲೇ ಮಂಜು ಗಟ್ಟಿ, ಕರಗಿ, ಚೌಕಟ್ಟಿನ ಮರ ಕೊಳೆಯುತ್ತದೆ. ದೋಸೆ ಹಿಟ್ಟು ಹುಳಿ ಬರುವುದಿಲ್ಲವೆಂದು ನಿಮ್ಮ ಮನೆಯವರು ಬೇಸರಪಟ್ಟಿದ್ದಾರಂತೆ. ಹಿಟ್ಟಿನ ಪಾತ್ರೆಯನ್ನು ಓವನ್ನಿನೊಳಗಿಟ್ಟು, ಓವನ್ ಹಚ್ಚದೆ ಅದರ ದೀಪವನ್ನು ಮಾತ್ರ ರಾತ್ರಿಯಿಡೀ ಉರಿಯಲು ಬಿಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ. ಹಾಲಿಗೆ ಹೆಪ್ಪು ಹಾಕುವುದೂ ಅಲ್ಲೇ.

ಇನ್ನೊಂದು ವಿಷಯವನ್ನು ಮಗಳಿಗೂ ಹೇಳಿಡಿ. ಫರ್ನೇಸಿನ ಹೊಗೆ ಹೊರಹೋಗುವ ಬಿಳಿ ಪೈಪು ಈಚಿನ ಅನೇಕ ಮನೆಗಳಲ್ಲಿ ಪಕ್ಕದ ಗೋಡೆಯಿಂದಲೇ ಹೊರಗೆ ಚಾಚಿರುತ್ತದೆ. ಹಿಮ ಪೇರಿಕೊಂಡು ಅದರ ಬಾಯಿ ಮುಚ್ಚಿದರೆ ಫರ್ನೇಸ್ ನಿಂತುಹೋಗಬಹುದು, ವಿಷಾನಿಲ ಮನೆಯೊಳಗೆ ತಿರುಗಬಹುದು. ಜೋರಾಗಿ ಹಿಮ ಬಿದ್ದ ಮರುದಿನ ನಾನು ಮೊದಲು ನೋಡುವುದು ಆ ಪೈಪನ್ನು. ಆ ವಿಷಾನಿಲವನ್ನು ಪತ್ತೆಹಚ್ಚಿ ಕೂಗುವ ಕಾರ್ಬನ್ ಮಾನಾಕ್ಸೈಡ್ ಅಲಾರಮಿನ ಬ್ಯಾಟರಿಯನ್ನೂ ಪರೀಕ್ಷಿಸಿ.

ಹೊರಗೆ ಹೊರಡುವುದು ಇಲ್ಲಿ ಸ್ವಲ್ಪ ಹೊತ್ತು ಹಿಡಿಯುವ ಕೆಲಸ. ಬಾಗಿಲ ಬಳಿ ಒಂದು ಗಟ್ಟಿ ಕುರ್ಚಿ ಇರಲಿ, ಏಕೆಂದರೆ ಒಂಟಿಗಾಲಿನಲ್ಲಿ ನಿಂತು ಬೂಟು ಎಳೆದುಕೊಳ್ಳಲು ಹೋಗಿ ಮನೆಯೊಳಗೇ ಬೀಳುವವರಿದ್ದಾರೆ. ಒಳಗೆ ಉಣ್ಣೆಯ ಬಟ್ಟೆ, ಮೇಲೆ ಗಾಳಿ ತೂರದ ಉದ್ದನೆಯ ಜಾಕೆಟ್. ಹತ್ತಿಯ ಬನಿಯನ್ ಬೆವರು ಹೀರಿ ತಣ್ಣಗಾಗುತ್ತದೆ. ಐದು ಬೆರಳೂ ಬೇರೆಬೇರೆಯಾಗಿರುವ ಗ್ಲೌಸಿಗಿಂತ, ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ ಹೆಚ್ಚು ಬೆಚ್ಚಗೆ. ಎರಡು ಜೊತೆ ಕಾಲುಚೀಲ ತುರುಕಿ ಬೂಟು ಬಿಗಿಯಾದರೆ ರಕ್ತ ಸರಿಯಾಗಿ ಹರಿಯದೆ ಪಾದ ಇನ್ನಷ್ಟು ಮರಗಟ್ಟುತ್ತದೆ, ಆದ್ದರಿಂದ ಅರ್ಧ ಅಳತೆ ದೊಡ್ಡ ಬೂಟನ್ನೇ ಕೊಳ್ಳಿ. ಊರಿನಿಂದ ತಂದ ಮಂಕಿ ಕ್ಯಾಪನ್ನು ಸಂಕೋಚವಿಲ್ಲದೆ ಹಾಕಿಕೊಳ್ಳಿ, ಇಲ್ಲಿ ಯಾರೂ ನಗುವುದಿಲ್ಲ.

ನೆಲದ ಮಾತಿಗೆ ಬರುತ್ತೇನೆ. ಹೊಸ ಹಿಮದ ಮೇಲೆ ನಡೆಯಲು ತೊಂದರೆಯಿಲ್ಲ, ಮೈನಸ್ ಹದಿನೈದರಲ್ಲಿ ಅದು ಹುರಿದ ರವೆಯ ಹಾಗೆ ಬಿಡಿಬಿಡಿಯಾಗಿದ್ದು ಬೂಟಿನಡಿ ಕಿರುಗುಟ್ಟುತ್ತದೆ. ಅಪಾಯ ಇರುವುದು ಜನ ತುಳಿದು ತುಳಿದು ಗಟ್ಟಿಯಾದ ಕಡೆ, ಮತ್ತು ಛಾವಣಿಯ ನೀರು ತೊಟ್ಟಿಕ್ಕಿ ಮತ್ತೆ ಹೆಪ್ಪುಗಟ್ಟಿದ ಕಡೆ; ಅದರ ಮೇಲೆ ತೆಳ್ಳಗೆ ಹೊಸ ಹಿಮ ಉದುರಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಬೂಟಿನ ತಳಕ್ಕೆ ತೊಡಿಸುವ, ಲೋಹದ ಮುಳ್ಳುಗಳಿರುವ ರಬ್ಬರು ಪಟ್ಟಿಗಳು ಸಿಗುತ್ತವೆ. ತಲಾ ಒಂದು ಜೊತೆ ಇವತ್ತೇ ತರಿಸಿ. ಅಂಗಡಿಯ ನುಣುಪು ಟೈಲ್ಸಿನ ಮೇಲೆ ಅವೇ ಜಾರುವುದರಿಂದ ಒಳಹೋಗುವಾಗ ಬಿಚ್ಚಬೇಕು. ಹೆಜ್ಜೆ ಚಿಕ್ಕದಿರಲಿ, ಪಾದ ಚಪ್ಪಟೆಯಾಗಿ ಊರಲಿ, ಕೈಗಳು ಜೇಬಿನಲ್ಲಿ ಇರದಿರಲಿ. ಸೂಪರ್ ವೀಸಾದವರಿಗೆ ಆಲ್ಬರ್ಟಾ ಪ್ರಾಂತ್ಯದ ಆರೋಗ್ಯ ವಿಮೆ ದೊರೆಯದ ಕಾರಣ, ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ವೆಚ್ಚವೆಲ್ಲ ನೀವು ಕೊಂಡಿರುವ ಖಾಸಗಿ ವಿಮೆಯ ಮೇಲೆ ಬೀಳುತ್ತದೆ ಎಂಬುದೂ ನೆನಪಿರಲಿ.

ಮನೆಯ ಮುಂದಿನ ಕಾಲುದಾರಿಯ ಹಿಮ ತೆಗೆಯುವುದು ಇಲ್ಲಿ ಮನೆಯವರದೇ ಹೊಣೆ, ತೆಗೆಯದಿದ್ದರೆ ನಗರಸಭೆ ದಂಡ ಹಾಕಬಹುದು. ಅಳಿಯ ಬರುವಷ್ಟರಲ್ಲಿ ನಾನೇ ಮುಗಿಸಿಬಿಡುತ್ತೇನೆ ಎಂಬ ಉತ್ಸಾಹ ಬೇಡ. ಕೊರೆಯುವ ಚಳಿಯಲ್ಲಿ ರಕ್ತನಾಳಗಳು ಸಂಕುಚಿಸಿರುವಾಗ ಭಾರ ಎತ್ತಿ ಎಸೆಯುವುದು ಹೃದಯಕ್ಕೆ ದೊಡ್ಡ ಹೊರೆ. ನಾನು ಎತ್ತುವುದಿಲ್ಲ, ಆಗಾಗ ಹೊರಬಂದು, ತೆಳ್ಳಗಿರುವಾಗಲೇ ಅಂಚಿಗೆ ತಳ್ಳುತ್ತೇನೆ. ಜಾರದಿರಲು ಚೆಲ್ಲುವ ಮರಳನ್ನು ನಗರಸಭೆ ಬಡಾವಣೆಗಳಲ್ಲಿ ಇಟ್ಟಿರುವ ಪೆಟ್ಟಿಗೆಗಳಿಂದ ಉಚಿತವಾಗಿ ತುಂಬಿಕೊಳ್ಳಬಹುದು.

ಕತ್ತಲೆಯನ್ನು ಬಂದ ಮೊದಲ ವರ್ಷ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಊರು 53 ಡಿಗ್ರಿ ಉತ್ತರ ಅಕ್ಷಾಂಶವನ್ನೂ ದಾಟಿದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಹುಟ್ಟುವುದು ಎಂಟೂ ಮುಕ್ಕಾಲಿಗೆ, ಮುಳುಗುವುದು ನಾಲ್ಕೂಕಾಲಿಗೆ, ಹಗಲು ಏಳೂವರೆ ಗಂಟೆ ಮಾತ್ರ. ಮಧ್ಯಾಹ್ನ ಊಟ ಮಾಡಿ ಮಲಗಿ ನಾಲ್ಕೂವರೆಗೆ ಎದ್ದರೆ ರಾತ್ರಿಯಾಗಿರುತ್ತದೆ, ಆಮೇಲೆ ನಿಜವಾದ ರಾತ್ರಿಯಲ್ಲಿ ನಿದ್ದೆ ಬಾರದು, ಹೀಗೆ ನಾಲ್ಕು ದಿನ ನಡೆದರೆ ಮನಸ್ಸು ತಾನೇ ಕುಸಿಯುತ್ತದೆ. ನಮ್ಮ ಮನೆಯಲ್ಲಿ ಮಧ್ಯಾಹ್ನದ ನಿದ್ದೆಗೆ ನನ್ನ ಪತ್ನಿಯ ನಿಷೇಧವಿದೆ. ಹತ್ತೂವರೆಯಿಂದ ಎರಡರ ನಡುವೆ, ಬಿಸಿಲಿರಲಿ ಮೋಡವಿರಲಿ, ಹೊರಗೆ ಹೋಗಲೇಬೇಕು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇಲ್ಲಿನ ತಗ್ಗಿದ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟುವುದಿಲ್ಲವಾದ್ದರಿಂದ ಅದಕ್ಕೆ ಮಾತ್ರೆಯೇ ಗತಿ, ಪ್ರಮಾಣವನ್ನು ವೈದ್ಯರಲ್ಲಿ ಕೇಳಿ. ಆದರೆ ಕಣ್ಣಿಗೆ ಬೀಳುವ ಬೆಳಕಿಗೆ ಮಾತ್ರೆ ಇಲ್ಲ.

ಹೋಗಲು ಜಾಗಗಳಿಗೇನೂ ಕೊರತೆಯಿಲ್ಲ. ತೀರಾ ಚಳಿಯ ದಿನ ನಾವು ಮಾಲುಗಳಲ್ಲಿ ನಡೆಯುತ್ತೇವೆ. ವೆಸ್ಟ್ ಎಡ್ಮಂಟನ್ ಮಾಲಿನಲ್ಲಿ ಅಂಗಡಿಗಳು ತೆರೆಯುವ ಮುನ್ನವೇ ನಮ್ಮಂಥ ಹಿರಿಯರು ಕೋಟು ಕಂಕುಳಲ್ಲಿಟ್ಟುಕೊಂಡು ಸುತ್ತು ಹಾಕುತ್ತಿರುತ್ತಾರೆ. ನೀವಿರುವ ಮಿಲ್ ವುಡ್ಸ್ ಕಡೆಯಿಂದ ಊರ ನಡುವಿಗೆ 2023ರ ನವೆಂಬರಿನಲ್ಲಿ ಆರಂಭವಾದ ವ್ಯಾಲಿ ಲೈನ್ ರೈಲಿದೆ, ಮೆಟ್ಟಿಲು ಹತ್ತದೆಯೇ ಒಳಹೋಗಬಹುದು. ಅದೇ ದಾರಿಯಲ್ಲಿ ಮಟಾರ್ಟ್ ಕನ್ಸರ್ವೇಟರಿ ಎಂಬ, ಪಿರಮಿಡ್ಡಿನಾಕಾರದ ಗಾಜಿನ ಸಸ್ಯಾಗಾರಗಳು ಸಿಗುತ್ತವೆ. ಜನವರಿಯಲ್ಲೊಂದು ದಿನ ಅಲ್ಲಿನ ಉಷ್ಣವಲಯದ ಪಿರಮಿಡ್ಡಿಗೆ ಹೋಗಿ ನೋಡಿ. ಬಾಗಿಲು ದಾಟಿದೊಡನೆ ಕನ್ನಡಕ ಪೂರ್ತಿ ಮಬ್ಬಾಗುತ್ತದೆ. ಅದನ್ನು ಒರೆಸುತ್ತಾ ನಿಂತಿರುವಾಗಲೇ ಒದ್ದೆ ಮಣ್ಣಿನ, ಕೊಳೆತೆಲೆಯ ವಾಸನೆ ಬರುತ್ತದೆ. ನನ್ನ ಪತ್ನಿ ತೀರ್ಥಹಳ್ಳಿಯವಳು, ಅಲ್ಲಿನ ಬೆಂಚಿನಿಂದ ಅವಳನ್ನು ಎಬ್ಬಿಸುವುದು ಕಷ್ಟ.

ಮೈನಸ್ 40ರ ದಿನಗಳು ಬರುತ್ತವೆ, ಪ್ರತಿ ವರ್ಷವೂ ಅಲ್ಲ, ಬಂದರೂ ಕೆಲವೇ ದಿನ. ಗಾಳಿ ಸೇರಿ ಅಷ್ಟು ಚಳಿಯಾದಾಗ ತೆರೆದ ಚರ್ಮ ಐದು ಹತ್ತು ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು, ಆಗ ಮನೆಯಲ್ಲೇ ಇರಿ. 2024ರ ಜನವರಿ 13ರ ಸಂಜೆ ಅಂಥದೇ ಚಳಿಯಲ್ಲಿ ಪ್ರಾಂತ್ಯದ ಎಲ್ಲರ ಮೊಬೈಲುಗಳೂ ಒಟ್ಟಿಗೆ ಅರಚಿಕೊಂಡವು: ವಿದ್ಯುತ್ ಸಾಲದಾಗುತ್ತಿದೆ, ಬಳಕೆ ತಗ್ಗಿಸಿ ಎಂಬ ಸರ್ಕಾರಿ ಎಚ್ಚರಿಕೆ. ಗ್ಯಾಸಿನ ಫರ್ನೇಸಿಗೂ ಗಾಳಿ ದೂಡಲು ಕರೆಂಟೇ ಬೇಕು. ನಾವು ಒಂದು ದೀಪವನ್ನಷ್ಟೇ ಉಳಿಸಿಕೊಂಡು, ಮಧ್ಯಾಹ್ನದ ಸಾರನ್ನವನ್ನೇ ಉಂಡೆವು. ಕೆಲವೇ ನಿಮಿಷಗಳಲ್ಲಿ ಬಳಕೆ ಇಳಿದು ಕರೆಂಟು ಹೋಗದೆ ಉಳಿಯಿತು. ಅಂದಿನಿಂದ ಟಾರ್ಚು, ಹೆಚ್ಚಿನ ಕಂಬಳಿ, ಒಂದು ವಾರದ ಮಾತ್ರೆ ಒಂದೇ ಕಪಾಟಿನಲ್ಲಿವೆ.

ಚಳಿಗಾಲ ಕಳೆಯಲು ಊರಿಗೆ ಹೋಗುವವರೂ ಇದ್ದಾರೆ, ಅದು ಅವರವರ ಇಷ್ಟ. ನಮಗೆ ಜನವರಿಯ ವಿಮಾನ ಪ್ರಯಾಣಕ್ಕಿಂತ ಜನವರಿಯೇ ವಾಸಿ. ಸಂಕ್ರಾಂತಿಯ ಹೊತ್ತಿಗಾಗಲೇ ಹಗಲು ಅರ್ಧ ಗಂಟೆಯಷ್ಟು ಬೆಳೆದಿರುತ್ತದೆ, ಉತ್ತರಾಯಣವನ್ನು ಇಲ್ಲಿ ಪಂಚಾಂಗ ನೋಡದೆಯೇ ತಿಳಿಯಬಹುದು. ಮಾರ್ಚಿನಲ್ಲಿ ಬಿಸಿಲು ಜೋರಾಗಿ, ಹಗಲೆಲ್ಲ ಕರಗಿದ ನೀರು ರಾತ್ರಿ ಗಾಜಾಗಿ ಕೂರುತ್ತದೆ. ಚಳಿ ಮುಗಿಯಿತೆಂದು ಎಲ್ಲರೂ ಹಗುರ ಶೂ ಹಾಕಿ ಹೊರಡುವ ಕಾಲವದು. ನೀವು ಮಾತ್ರ ಬೆಳಿಗ್ಗೆ ಹತ್ತರೊಳಗೆ ಹೊರಗೆ ಕಾಲಿಡಬೇಡಿ, ಮುಳ್ಳಿನ ಪಟ್ಟಿಗಳನ್ನು ಏಪ್ರಿಲ್ ಕೊನೆಯವರೆಗೂ ಬಾಗಿಲ ಬಳಿಯೇ ಇಟ್ಟಿರಿ.