ಹ್ಯಾಲಿಬರ್ಟನ್ ತೋಳಗಳು, ಅಲ್ಗಾಂಕ್ವಿನ್ ಎಲೆಗಳು: ಎರಡು ದಿನದ ಲೆಕ್ಕ

ನಮ್ಮ ಫೋಟೋಗ್ರಫಿ ಗುಂಪಿನಲ್ಲಿ ನೀವು ಕೇಳಿದ ಪ್ರಶ್ನೆಯನ್ನು ಎರಡು ಸಲ ಓದಿದೆ. (ಇದು ತೋಳ ಕೇಂದ್ರದಲ್ಲಿ ತೋಳಗಳಿದ್ದ ಕಾಲದ ಉತ್ತರ. 2025ರಲ್ಲಿ ಅಲ್ಲಿನ ತೋಳಗಳಿಗೆ ದಯಾಮರಣ ಕೊಟ್ಟರು.) ಕೆನಡಾದ ಒಂಟಾರಿಯೊದಲ್ಲಿ, ಟೊರಾಂಟೊ ಪಕ್ಕದ ಮಿಸ್ಸಿಸಾಗದಿಂದ ಹೊರಟು ಎರಡೇ ದಿನದಲ್ಲಿ ಹ್ಯಾಲಿಬರ್ಟನ್ ಅರಣ್ಯದ ತೋಳ ಕೇಂದ್ರವನ್ನೂ ಅಲ್ಗಾಂಕ್ವಿನ್ ಉದ್ಯಾನದ ಬಣ್ಣದೆಲೆಗಳನ್ನೂ ನೋಡಬೇಕು. ಜೊತೆಗೆ ಹೆಂಡತಿ, ಆರು ವರ್ಷದ ಮಗಳು. ಕೈಯಲ್ಲಿ ದೂರದ್ದನ್ನು ಹತ್ತಿರ ತರುವ ಒಂದು 100-400 ಮಿಲಿಮೀಟರ್ ಜೂಮ್ ಲೆನ್ಸ್, ಕ್ಯಾಮೆರಾದೊಂದಿಗೆ ಬಂದ ಚಿಕ್ಕ ಲೆನ್ಸ್ ಇನ್ನೊಂದು. ದಿನಾಂಕ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯ. ಕನಸು, ಕೆಂಪು ಮೇಪಲ್ ಎಲೆಗಳ ನಡುವೆ ನಿಂತ ತೋಳ. ಇದರಲ್ಲಿ ದಿನಾಂಕವನ್ನು ಬದಲಾಯಿಸಿ, ಕನಸನ್ನು ಸ್ವಲ್ಪ ತಿದ್ದಿಕೊಳ್ಳಿ. ಉಳಿದದ್ದೆಲ್ಲ ಆಗುವಂಥದ್ದೇ.

ಮೊದಲು ಕನಸಿನ ವಿಚಾರ. ಎಲೆಗಳ ಪಂಚಾಂಗ ಬೇರೆ, ತೋಳದ ಪಂಚಾಂಗ ಬೇರೆ. ಅಲ್ಗಾಂಕ್ವಿನ್‌ನಲ್ಲಿ ಸಕ್ಕರೆ ಮೇಪಲ್ ಮರಗಳು ಉರಿಯುವಂತೆ ಕಾಣುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರ. ಹಗಲು ಬಿಸಿಲು, ರಾತ್ರಿ ಚಳಿ ಬಿದ್ದರೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಕೆಂಪು ಹೊಸದಾಗಿ ಹುಟ್ಟುತ್ತದೆ. ಮೋಡ ಕವಿದ ಬೆಚ್ಚಗಿನ ಸೆಪ್ಟೆಂಬರ್ ಆದರೆ ಆ ವರ್ಷ ಕೆಂಪು ಮಂಕು. ಹಳದಿ ಹಾಗಲ್ಲ, ಅದು ಬೇಸಿಗೆಯಿಡೀ ಎಲೆಯೊಳಗೆ ಹಸಿರಿನ ಮರೆಯಲ್ಲೇ ಕುಳಿತಿರುತ್ತದೆ, ಹಸಿರು ಇಳಿದ ಮೇಲೆ ಹೊರಗೆ ಕಾಣುತ್ತದೆ. ಆದ್ದರಿಂದ ಹಳದಿ ಪ್ರತಿ ವರ್ಷವೂ ನಂಬಿಗಸ್ತ. ತೋಳವಾದರೋ ಬೇಸಿಗೆಯಲ್ಲಿ ಚಳಿಗಾಲದ ಕೂದಲನ್ನೆಲ್ಲ ಉದುರಿಸಿಕೊಂಡು ಉದ್ದ ಕಾಲಿನ, ಬಡಕಲು ಬೀದಿನಾಯಿಯಂತೆ ಕಾಣುತ್ತಿರುತ್ತದೆ. ಸೆಪ್ಟೆಂಬರ್‌ನಲ್ಲಿ ಹೊಸ ತುಪ್ಪಳ ಅರ್ಧ ಬಂದಿರುತ್ತದೆ, ಕುತ್ತಿಗೆಯ ಸುತ್ತ ದಟ್ಟವಾಗಿ ತುಂಬುವ ಹೊತ್ತಿಗೆ ನವೆಂಬರ್. ಅಂದರೆ ಎಲೆ ಚೆನ್ನಾಗಿರುವಾಗ ತೋಳ ಸೊರಗಿರುತ್ತದೆ, ತೋಳ ಮೈದುಂಬಿಕೊಂಡಾಗ ಕೊಂಬೆ ಬೋಳು.

ಹಾಗಾಗಿ ನನ್ನ ಸಲಹೆ ಅಕ್ಟೋಬರ್ ಮೊದಲ ವಾರಾಂತ್ಯ. ಆಗ ಮೇಪಲ್ ಕೆಂಪು ಅಲ್ಲಲ್ಲಿ ಉಳಿದಿರುತ್ತದೆ; ಹ್ಯಾಲಿಬರ್ಟನ್ ಕಡೆ ಉದ್ಯಾನಕ್ಕಿಂತ ತುಸು ಹೆಚ್ಚೇ ಉಳಿದಿರುತ್ತದೆ. ಆಸ್ಪೆನ್ ಮತ್ತು ಬರ್ಚ್ ಮರಗಳು ಹಳದಿಗೆ ತಿರುಗಿರುತ್ತವೆ. ತೋಳದ ಮೈಮೇಲೂ ನೋಡುವಷ್ಟು ಕೂದಲು ಬಂದಿರುತ್ತದೆ. ಇನ್ನೊಂದು ಮಾತು, ಇದು ನನ್ನ ರುಚಿ ಅಂದುಕೊಳ್ಳಿ: ಬೂದು ತೋಳಕ್ಕೆ ಹಳದಿ ಹಿನ್ನೆಲೆ ಒಪ್ಪುವಷ್ಟು ಕೆಂಪು ಒಪ್ಪುವುದಿಲ್ಲ. ಕೆಂಪು ಎದುರಿಗಿದ್ದರೆ ಕಣ್ಣು ಮೊದಲು ಎಲೆಗೇ ಹೋಗುತ್ತದೆ, ತೋಳ ಕಲ್ಲಿನಂತೆ ಹಿಂದೆ ಉಳಿಯುತ್ತದೆ. ಹಳದಿ ಇದ್ದರೆ ತೋಳದ ಕಣ್ಣಿನ ಬಣ್ಣವೂ ಎಲೆಯ ಬಣ್ಣವೂ ಒಂದೇ ಶ್ರುತಿಗೆ ಬರುತ್ತವೆ.

ಥ್ಯಾಂಕ್ಸ್‌ಗಿವಿಂಗ್ ಏಕೆ ಬೇಡ ಎಂದರೆ, ನಾನು ಮೊದಲ ವರ್ಷ ಅದೇ ಭಾನುವಾರ ಹೋಗಿದ್ದೆ. ಅಕ್ಟೋಬರ್ ಎರಡನೆಯ ಸೋಮವಾರಕ್ಕೆ ಹೊಂದಿಕೊಂಡ ಆ ಮೂರು ದಿನ ಇಡೀ ಟೊರಾಂಟೊ ಉತ್ತರಕ್ಕೆ ಮುಖ ಮಾಡುತ್ತದೆ. ಉದ್ಯಾನದ ವಾಹನ ಪರ್ಮಿಟ್ಟನ್ನು 5 ದಿನ ಮೊದಲೇ ಆನ್‌ಲೈನ್‌ನಲ್ಲಿ ಕಾದಿರಿಸಿಕೊಳ್ಳಬಹುದು ಎಂಬುದನ್ನು ತಿಳಿದೂ ಉದಾಸೀನ ಮಾಡಿದ್ದೆ. ತಪ್ಪು ಪೂರ್ತಿ ನನ್ನದೇ. ದಿನದ ಕೋಟಾ ಮುಗಿದಿತ್ತು, ಗೇಟಿನ ಬಳಿಯಿಂದ ಕಾರು ತಿರುಗಿಸಿಕೊಂಡು ಬಂದೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅತ್ತೆಯವರು ಮಿಂಡನ್ ತಲುಪುವವರೆಗೆ ಒಂದು ಮಾತೂ ಆಡಲಿಲ್ಲ. ನೀವು ಪರ್ಮಿಟ್ಟಿನ ಬುಕಿಂಗ್ ತೆರೆದ ದಿನವೇ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇಕಾದರೆ ಹವಾಮಾನದ ಬಗ್ಗೆ ಚಿಂತಿಸಿ.

ಈಗ ತೋಳ ಕೇಂದ್ರ. ಇಲ್ಲಿ ತೋಳಗಳು 2025ರವರೆಗೆ ಸುಮಾರು 15 ಎಕರೆಯ ಕಾಡಿನ ಆವರಣದಲ್ಲಿದ್ದವು. ಮನುಷ್ಯರಿಗೆ ಒಗ್ಗಿಸಿ ಸಾಕಿದ ತೋಳಗಳಲ್ಲ. ಕರೆದರೆ ಬರುವುದಿಲ್ಲ, ಯಾರೂ ಒಳಗೆ ಹೋಗಿ ಮೈ ಸವರುವುದಿಲ್ಲ. ನೀವು ಕಟ್ಟಡದೊಳಗೆ ಗಾಜಿನ ಹಿಂದೆ ನಿಂತು ಕಾಯಬೇಕು. ಹೊರಗಿನ ಸದ್ದನ್ನು ಒಳಗೆ ಕೇಳಿಸಲು ಮೈಕ್ ಇಟ್ಟಿದ್ದಾರೆ, ಅದೃಷ್ಟವಿದ್ದರೆ ಊಳು ಕೇಳಿಸುತ್ತದೆ. ಕೆಲವೊಮ್ಮೆ ಗಾಜಿನ ಹತ್ತಿರವೇ ಬಂದು ಮಲಗುತ್ತವೆ, ಕೆಲವೊಮ್ಮೆ ಎರಡು ಗಂಟೆ ಕಾದರೂ ಮರದ ಹಿಂದೆ ಒಂದು ಕಿವಿ ಮಾತ್ರ. ಬಂದಿಯಾದ ತೋಳ ಅಂದಮೇಲೆ ಕಾಣಿಸಿಯೇ ತೀರುತ್ತದೆ ಎಂದು ಮಗಳಿಗೆ ಮಾತು ಕೊಡಬೇಡಿ. ಬೇಸಿಗೆ ಮುಗಿದ ಮೇಲೆ ಕೇಂದ್ರ ತೆರೆದಿರುವ ದಿನಗಳೂ ವೇಳೆಯೂ ಬದಲಾಗುತ್ತವೆ, ಆದ್ದರಿಂದ ಹೋಟೆಲ್ ಕಾದಿರಿಸುವ ಮೊದಲು ಫೋನ್ ಮಾಡಿ. ಅದೇ ಕರೆಯಲ್ಲಿ ಆಹಾರ ಹಾಕುವ ದಿನ ಯಾವುದು ಎಂದೂ ಕೇಳಿಕೊಳ್ಳಿ. ತಿನ್ನುವ ಮೊದಲಿನ ತೋಳ ಓಡಾಡುತ್ತಿರುತ್ತದೆ, ತಿಂದ ಮರುದಿನದ ತೋಳ ಹಬ್ಬದೂಟ ಮುಗಿಸಿದ ಭಾವನಂತೆ ಬಿದ್ದುಕೊಂಡಿರುತ್ತದೆ.

ಗಾಜಿನ ಮೂಲಕ ತೆಗೆಯುವುದೇ ಇಡೀ ಪ್ರವಾಸದ ಕಷ್ಟದ ಭಾಗ, ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಲೆನ್ಸಿನ ತುದಿಗೆ ರಬ್ಬರಿನ ಮೆತ್ತನೆಯ ಹುಡ್ (ಅಡ್ಡ ಬೆಳಕು ತಡೆಯುವ ಬಳೆ) ಹಾಕಿ, ಅದನ್ನು ಗಾಜಿಗೆ ಒತ್ತಿ ಹಿಡಿಯಿರಿ. ಪ್ಲಾಸ್ಟಿಕ್ ಹುಡ್ ಆದರೆ ಗಾಜಿಗೆ ತಾಗಿದ ಸದ್ದಿಗೇ ತೋಳ ಎದ್ದು ಹೋಗಬಹುದು. ಲೆನ್ಸ್ ಗಾಜಿಗೆ ನೇರವಾಗಿರಲಿ. ಓರೆಯಾಗಿ ಹಿಡಿದಷ್ಟೂ ಚಿತ್ರ ಮೃದುವಾಗುತ್ತದೆ, ಫೋಕಸ್ ತಡಕಾಡುತ್ತದೆ. ಪೋಲರೈಸರ್ ಫಿಲ್ಟರ್ ಪ್ರತಿಫಲನ ತೆಗೆಯುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಮಾತು ಓರೆ ನೋಟಕ್ಕೆ ಮಾತ್ರ ನಿಜ. ನೇರವಾಗಿ ನಿಂತಾಗ ಅದು ಒಂದೂವರೆ ಸ್ಟಾಪ್, ಅಂದರೆ ಅರ್ಧಕ್ಕಿಂತ ಹೆಚ್ಚು ಬೆಳಕು ನುಂಗುತ್ತದೆ, ಉಪಯೋಗ ಏನೂ ಇಲ್ಲ. ಬಿಚ್ಚಿ ಜೇಬಿನಲ್ಲಿಡಿ, ಮರುದಿನ ಎಲೆಗಳಿಗೆ ಬೇಕಾಗುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ಅಂಗಿ ಹಾಕಿಕೊಳ್ಳಿ. ನನ್ನ ಮೊದಲ ಸುತ್ತಿನ ನೂರಾರು ಚಿತ್ರಗಳಲ್ಲಿ ತೋಳದ ಹೊಟ್ಟೆಯ ಮೇಲೆ ನನ್ನ ಕೆಂಪು ಜಾಕೆಟ್ಟೇ ಹೊಳೆಯುತ್ತಿದೆ.

ಶಟರ್ ವೇಗ ನಿಂತ ತೋಳಕ್ಕೆ 1/250 ಸೆಕೆಂಡ್, ನಡೆಯುವುದಕ್ಕೆ 1/500, ಓಡಿದರೆ 1/1000ಕ್ಕಿಂತ ಮೇಲೆ. ನಿಮ್ಮ 100-400 ಕೊನೆಯ ತುದಿಯಲ್ಲಿ ಅಷ್ಟು ಬೆಳಕಿನ ಲೆನ್ಸ್ ಅಲ್ಲ, ಹಾಗಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ಕ್ಕೆ ಏರಿದರೂ ಹೆದರಬೇಡಿ. ಅದರಿಂದ ಚಿತ್ರದಲ್ಲಿ ಬರುವ ಚುಕ್ಕೆಗಳನ್ನು ಆಮೇಲೆ ತೆಗೆಯಬಹುದು, ಅಲುಗಿದ್ದನ್ನು ತೆಗೆಯಲಾಗದು. ಮೋಡದ ದಿನವೇ ಒಳ್ಳೆಯದು. ಬಿಸಿಲಿದ್ದರೆ ಮರದ ನೆರಳು ತೋಳದ ಮುಖದ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದು, ಬೂದು ಕೂದಲಿನ ಸೂಕ್ಷ್ಮವೆಲ್ಲ ಹಾಳು. ಮಗಳ ಎತ್ತರಕ್ಕೆ ಮಂಡಿಯೂರಿ ಕುಳಿತು ತೆಗೆಯಿರಿ. ಮೇಲಿಂದ ತೆಗೆದ ತೋಳ ನಾಯಿಯಾಗುತ್ತದೆ. ನನ್ನ ಅಮ್ಮ ಬೆಂಗಳೂರಿನಿಂದ ನನ್ನ ಚಿತ್ರಗಳನ್ನು ನೋಡಿ, ‘ಅಷ್ಟು ದೂರ ಹೋಗಿ ನಾಯಿ ನೋಡಿಕೊಂಡು ಬಂದಿರಾ?’ ಎಂದು ಕೇಳಿದ್ದು ಇದೇ ಕಾರಣಕ್ಕೆ.

ದಾರಿ ಹೀಗೆ ಇಟ್ಟುಕೊಳ್ಳಿ. ಶನಿವಾರ ಬೆಳಗ್ಗೆ 6ರ ಒಳಗೆ ಮನೆ ಬಿಡಿ, ಹೆದ್ದಾರಿ 35ರಲ್ಲಿ ಮಿಂಡನ್ ದಾಟಿ, ವೆಸ್ಟ್ ಗಿಲ್ಫರ್ಡ್ ಮೂಲಕ ಕೆನ್ನಿಸಿಸ್ ಸರೋವರದ ರಸ್ತೆ ಹಿಡಿದರೆ ಸುಮಾರು ಮೂರೂವರೆ ಗಂಟೆ. ಮಧ್ಯಾಹ್ನದವರೆಗೆ ತೋಳ. ಚಿತ್ರಾನ್ನವನ್ನೋ ಚಪಾತಿಯನ್ನೋ ಕಟ್ಟಿಕೊಂಡೇ ಹೋಗಿ, ಆ ರಸ್ತೆಯಲ್ಲಿ ಊಟ ಹುಡುಕುತ್ತಾ ಕೂರುವಷ್ಟು ಬೆಳಕು ನಿಮ್ಮ ಬಳಿ ಇರುವುದಿಲ್ಲ. ಆಮೇಲೆ ಹೆದ್ದಾರಿ 118ರಲ್ಲಿ ಕಾರ್ನಾರ್ವನ್‌ವರೆಗೆ ಬಂದು, ಮತ್ತೆ 35ರಲ್ಲಿ ಉತ್ತರಕ್ಕೆ ಡಾರ್ಸೆಟ್. ಅಲ್ಲಿ ಹಳೆಯ ಕಾಡ್ಗಿಚ್ಚು ಕಾವಲು ಗೋಪುರದ ಜಾಗದಲ್ಲಿ ಸುಮಾರು 30 ಮೀಟರ್ ಎತ್ತರದ ವೀಕ್ಷಣಾ ಗೋಪುರವಿದೆ. ಮೇಲಿನಿಂದ ಲೇಕ್ ಆಫ್ ಬೇಸ್ ಮತ್ತು ಕಾಡು ಕಂಬಳಿ ಹಾಸಿದ ಹಾಗೆ ಕಾಣುತ್ತದೆ. ಮೆಟ್ಟಿಲು ಕಡಿದು, ಗಾಳಿಗೆ ಗೋಪುರ ತುಸು ಅಲುಗುತ್ತದೆ. ಎತ್ತರಕ್ಕೆ ಹೆದರುವವರು ಕೆಳಗೇ ಇರಲಿ. ಇಲ್ಲಿ ಟ್ರೈಪಾಡ್ ತೆರೆದರೆ ಹಿಂದಿನವರ ಶಾಪ ತಟ್ಟುತ್ತದೆ. ರಾತ್ರಿ ಡ್ವೈಟ್ ಅಥವಾ ಹಂಟ್ಸ್‌ವಿಲ್‌ನಲ್ಲಿ ತಂಗಿ, ಪೆಟ್ರೋಲ್ ತುಂಬಿಸಿಕೊಳ್ಳಿ.

ಭಾನುವಾರ ಪೂರ್ತಿ ಅಲ್ಗಾಂಕ್ವಿನ್. ಹೆದ್ದಾರಿ 60 ಉದ್ಯಾನದೊಳಗೆ 56 ಕಿಲೋಮೀಟರ್ ಹಾದುಹೋಗುತ್ತದೆ, ಎಲ್ಲ ಜಾಗಗಳನ್ನೂ ಪಶ್ಚಿಮ ಗೇಟಿನಿಂದ ಎಣಿಸಿದ ಕಿಲೋಮೀಟರ್ ಕಲ್ಲಿನಿಂದಲೇ ಗುರುತಿಸುತ್ತಾರೆ. ಅಕ್ಟೋಬರ್ ಮೊದಲ ವಾರ ಸೂರ್ಯ ಏಳೂಕಾಲರ ಸುಮಾರಿಗೆ ಹುಟ್ಟುತ್ತಾನೆ. ಅದಕ್ಕೆ ಅರ್ಧ ಗಂಟೆ ಮೊದಲು ಲೇಕ್ ಆಫ್ ಟೂ ರಿವರ್ಸ್ ದಂಡೆಯಲ್ಲಿರಿ. ನೀರಿನಲ್ಲಿ ಇನ್ನೂ ಬೇಸಿಗೆಯ ಬಿಸಿ, ಗಾಳಿ ಶೂನ್ಯದ ಹತ್ತಿರ. ಹಾಗಾಗಿ ಸರೋವರದ ಮೇಲೆ ಹಬೆ ಏಳುತ್ತದೆ. ಬಿಸಿಲೇರಿದರೆ ಅದೆಲ್ಲ ಕರಗಿಹೋಗುತ್ತದೆ. ಆಮೇಲೆ 39.7ನೆಯ ಕಿಲೋಮೀಟರಿನ ಲುಕ್‌ಔಟ್ ಹಾದಿ, ಸುಮಾರು 2 ಕಿಲೋಮೀಟರ್, ಏರು ಚುರುಕಾಗಿದೆ. ತುದಿಯ ಬಂಡೆಗೆ ಕಟಕಟೆ ಇಲ್ಲ, ಮಗಳ ಕೈ ಬಿಡಬೇಡಿ. ಹತ್ತು ಗಂಟೆಯ ಮೇಲೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ನನಗೆ ಹೆಚ್ಚು ಇಷ್ಟ 42.5ರ ಸ್ಪ್ರೂಸ್ ಬಾಗ್ ಹಲಗೆ ಹಾದಿ, ಜೌಗು ನೆಲದ ಮೇಲಿನದು. ಯಾರೂ ‘ಬಣ್ಣ ನೋಡಲು’ ಅಲ್ಲಿಗೆ ಹೋಗುವುದಿಲ್ಲ. ಕಪ್ಪು ಸ್ಪ್ರೂಸ್ ನಡುವೆ ಟಮರಾಕ್ ಮರಗಳಿವೆ. ಸೂಜಿ ಎಲೆಯ ಮರವಾದರೂ ಎಲೆ ಉದುರಿಸುವ ಜಾತಿ. ನೀವು ಹೋಗುವಾಗ ಅವು ತಿರುಗಲು ಆರಂಭಿಸಿರುತ್ತವೆ, ಪೂರ್ತಿ ಚಿನ್ನವಾಗುವುದು ಅಕ್ಟೋಬರ್ ಮಧ್ಯದ ನಂತರ. 1912ರಿಂದ 1917ರಲ್ಲಿ ಕನೂ ಸರೋವರದಲ್ಲಿ ಸಾಯುವವರೆಗೂ ಇಲ್ಲಿ ಚಿತ್ರ ಬರೆದ ಟಾಮ್ ಥಾಮ್ಸನ್ ಬರೆಯುವ ಕಾಗದದ ಹಾಳೆಗಿಂತ ದೊಡ್ಡದಲ್ಲದ ಚಿಕ್ಕ ಮರದ ಹಲಗೆಗಳ ಮೇಲೆ ಈ ಕಾಡನ್ನು ಹಿಡಿದಿದ್ದ. ಹೋಗುವ ಮುನ್ನ ಅವನ ಅಕ್ಟೋಬರ್ ಚಿತ್ರಗಳನ್ನು ನೋಡಿ, ಕೆಂಪು ಎಷ್ಟು ಕಡಿಮೆ ಬಳಸಿಯೂ ಶರತ್ಕಾಲ ಕಾಣಿಸಬಹುದು ಎಂಬುದು ತಿಳಿಯುತ್ತದೆ. ಎಲೆ ಒದ್ದೆಯಾಗಿದ್ದಾಗ ಪೋಲರೈಸರ್ ಹಾಕಿ ತಿರುಗಿಸಿ. ಹೊಳಪು ಹೋಗಿ ಬಣ್ಣ ತುಂಬಿಕೊಳ್ಳುತ್ತದೆ. ಮಳೆ ಬಂದರೆ ರದ್ದು ಮಾಡಬೇಡಿ ಎನ್ನುವುದೂ ಅದಕ್ಕೇ.

ಶನಿವಾರ ಬಿಸಿಲು, ಭಾನುವಾರ ಮೋಡ ಎಂದು ಮುನ್ಸೂಚನೆ ಬಂದರೆ, ಕೇಂದ್ರ ಎರಡೂ ದಿನ ತೆರೆದಿದ್ದ ಪಕ್ಷದಲ್ಲಿ ಇಡೀ ಯೋಜನೆಯನ್ನು ತಿರುಗಿಸಿ. ಆದರೆ ಪರ್ಮಿಟ್ ದಿನಾಂಕವೂ ಜೊತೆಗೆ ತಿರುಗಬೇಕು ಎಂಬುದನ್ನು ಮರೆಯಬೇಡಿ. ಮೂಸ್ ಎಂಬ ದೈತ್ಯ ಜಿಂಕೆಗಳಿಗೆ ಇದು ಬೆದೆಯ ಕಾಲ. ರಸ್ತೆ ಬದಿಯಲ್ಲಿ ಗಂಡು ಕಂಡರೆ ಕಾರಿನಿಂದ ಇಳಿಯದೆ ತೆಗೆಯಿರಿ, ಮುಸ್ಸಂಜೆಯ ನಂತರ ವೇಗ ತಗ್ಗಿಸಿ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವಾಗ ಕ್ಯಾಮೆರಾವನ್ನು ಚೀಲದಲ್ಲೇ ಒಂದು ಗಂಟೆ ಮುಚ್ಚಿಡಿ, ಇಲ್ಲದಿದ್ದರೆ ಲೆನ್ಸಿನೊಳಗೆ ಹನಿ ಕಟ್ಟುತ್ತದೆ.

ಅಲ್ಗಾಂಕ್ವಿನ್‌ನಲ್ಲಿ ಕಾಡು ತೋಳಗಳೂ ಇವೆ, ಪೂರ್ವದ ತೋಳ ಎಂಬ ಬೇರೆಯೇ ಬಗೆ; ಅವುಗಳ ರಕ್ಷಣೆಗೆಂದು ಉದ್ಯಾನದ ಸುತ್ತಲಿನ ಪ್ರದೇಶದಲ್ಲೂ 2001ರಲ್ಲಿ ಬೇಟೆ ನಿಲ್ಲಿಸಿ, 2004ರಲ್ಲಿ ಅದನ್ನು ಕಾಯಂ ಮಾಡಿದರು. ಅವು ಕಾಣಿಸುವುದು ಅಪರೂಪ. ಇದನ್ನು ಹೇಳಲು ಕಾರಣ, ಹ್ಯಾಲಿಬರ್ಟನ್‌ನ ಬೂದು ತೋಳದ ಚಿತ್ರ ಹಾಕಿ ‘ಅಲ್ಗಾಂಕ್ವಿನ್ ಕಾಡಿನಲ್ಲಿ’ ಎಂದು ಬರೆದವರನ್ನು ಈ ಗುಂಪಿನಲ್ಲೇ ನೋಡಿದ್ದೇನೆ. 2009ರ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಪ್ರಶಸ್ತಿ ಪಡೆದ, ಗೇಟು ಹಾರುವ ತೋಳದ ಚಿತ್ರವನ್ನು 2010ರ ಜನವರಿಯಲ್ಲಿ ಅನರ್ಹಗೊಳಿಸಿದರು. ಅದು ಪಳಗಿಸಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚು ಎಂದರು ತೀರ್ಪುಗಾರರು, ತೆಗೆದವರು ಒಪ್ಪಲಿಲ್ಲ. ನಮಗೆ ಪ್ರಶಸ್ತಿಯ ಗೊಡವೆ ಇಲ್ಲ, ಆದರೂ ಚಿತ್ರದ ಕೆಳಗೆ ‘ಆವರಣದ ತೋಳ’ ಎಂದು ಎರಡು ಪದ ಹಾಕಿ. ಮೇಲುಕೋಟೆಯಲ್ಲಿ 1974ರಲ್ಲಿ ತೋಳಕ್ಕಾಗಿಯೇ ಅಭಯಾರಣ್ಯ ಮಾಡಿದ ಊರಿನವರು ನಾವು. ಕೊಪ್ಪಳದ ಬಂಕಾಪುರದ ಬಯಲಿನಲ್ಲಿ ಕಾಡು ತೋಳಕ್ಕಾಗಿ ದಿನಗಟ್ಟಲೆ ಕಾಯುವವರು ಈ ಗುಂಪಿನಲ್ಲೂ ಇದ್ದಾರೆ, ಅವರ ಚಿತ್ರದ ಪಕ್ಕದಲ್ಲಿ ನಮ್ಮದು ಸುಳ್ಳು ಹೇಳಬಾರದು.

ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಇನ್ನೊಬ್ಬರು ಕ್ವಿಬೆಕ್‌ನ ಮಾಂಟೆಬೆಲ್ಲೊದಲ್ಲಿರುವ ಪಾರ್ಕ್ ಒಮೆಗಾ ಸೂಚಿಸಿದ್ದಾರೆ. ಒಳ್ಳೆಯ ಜಾಗ, ಕಾರಿನ ಕಿಟಕಿಗೇ ವಾಪಿಟಿ ಜಿಂಕೆ ಬಂದು ಕ್ಯಾರೆಟ್ ತಿನ್ನುತ್ತದೆ, ತೋಳಗಳೂ ಇವೆ, ಮಗಳಿಗೆ ಖಂಡಿತ ಖುಷಿಯಾಗುತ್ತದೆ. ಆದರೆ ನಿಮ್ಮಿಂದ ಐದು ಗಂಟೆಗೂ ಹೆಚ್ಚಿನ ದಾರಿ. ಎರಡು ದಿನಕ್ಕೆ ಅದು ಬೇಡ.

ಭಾನುವಾರ ಮಧ್ಯಾಹ್ನ 2ಕ್ಕೆ ಉದ್ಯಾನ ಬಿಡಿ. ಸಂಜೆ ಬಿಟ್ಟರೆ ಹೆದ್ದಾರಿ 400ರ ಸಾಲಿನಲ್ಲಿ ಬ್ಯಾರಿ ದಾಟುವುದರೊಳಗೆ ಮಗಳು ಮೂರು ಸಲ ನಿದ್ದೆ ಮಾಡಿ ಏಳುತ್ತಾಳೆ. ತೋಳ ಕೇಂದ್ರಕ್ಕೆ ಫೋನ್ ಮಾಡಿದ ಮೇಲೆ ದಿನಾಂಕವನ್ನು ಇಲ್ಲಿ ಹಾಕಿ. ನನ್ನ ಬಳಿ 77 ಮಿಲಿಮೀಟರಿನ ರಬ್ಬರ್ ಹುಡ್ ಒಂದು ಹೆಚ್ಚಿಗೆ ಇದೆ. ನಿಮ್ಮ ಲೆನ್ಸಿನ ಅಳತೆ ಅದೇ ಆಗಿದ್ದರೆ ಕೊಂಡುಕೊಳ್ಳಬೇಡಿ, ಬ್ರಾಂಪ್ಟನ್‌ಗೆ ಬಂದಾಗ ತೆಗೆದುಕೊಂಡು ಹೋಗಿ.