ಫೋಟೋಗ್ರಾಫರ್ ವಿಸಿಟಿಂಗ್ ಕಾರ್ಡ್: ಕ್ಯಾಮೆರಾ ಚಿತ್ರ ಹಾಕಲಾ, ನಾನು ತೆಗೆದ ಫೋಟೋ ಹಾಕಲಾ?

ಮದುವೆ, ನಾಮಕರಣದ ಫೋಟೋಗ್ರಫಿ ಸ್ವಂತವಾಗಿ ಶುರು ಮಾಡಿದ್ದೀರಿ. ಕಾರ್ಡನ್ನು ನೀವೇ ಡಿಸೈನ್ ಮಾಡುತ್ತೀರಿ. ಅದರಲ್ಲಿ ಕ್ಯಾಮೆರಾ ಚಿತ್ರ ಇರಬೇಕಾ, ನೀವು ತೆಗೆದ ಫೋಟೋ ಇರಬೇಕಾ ಅನ್ನೋದು ಪ್ರಶ್ನೆ, ಅಲ್ವಾ?

ಕ್ಯಾಮೆರಾ ಚಿತ್ರ ಬೇಡವೇ ಬೇಡ. ಊರಿನ ಎಲ್ಲ ಸ್ಟುಡಿಯೋ ಕಾರ್ಡಿನಲ್ಲೂ ಅದೇ ಇರುತ್ತೆ. ನೀವು ತೆಗೆದ ಫೋಟೋ ಹಾಕುವುದಾದರೆ ಒಂದೇ ಒಂದು, ಒಂದು ಬದಿಗೆ ಪೂರ್ತಿ. ನಾಲ್ಕು ಚಿತ್ರ ಜೋಡಿಸಿದರೆ ಒಂದೊಂದೂ ಅಂಚೆಚೀಟಿಯಷ್ಟಾಗುತ್ತದೆ.

ನನ್ನ ಮೊದಲ ಕಾರ್ಡಿನ ಕಥೆ ಕೇಳಿ. ಕಪ್ಪು ಹಿನ್ನೆಲೆ, ದೀಪದ ಬೆಳಕಿನಲ್ಲಿ ಮದುಮಗಳು, ಮೇಲೆ ಚಿನ್ನದ ಬಣ್ಣದ ಸಣ್ಣ ಅಕ್ಷರ. ಸ್ಕ್ರೀನಿನಲ್ಲಿ ಭಾರಿ ಚೆನ್ನಾಗಿತ್ತು. ಸಾವಿರ ಕಾರ್ಡ್ ಬಂದ ದಿನ ನೋಡಿದರೆ ಮುಖವೇ ಕತ್ತಲು. ಸ್ಕ್ರೀನ್ ಬೆಳಕು ಚೆಲ್ಲುತ್ತದೆ, ಕಾಗದ ಚೆಲ್ಲುವುದಿಲ್ಲ. ಸಾಲದ್ದಕ್ಕೆ ಫೈಲನ್ನು ಸ್ಕ್ರೀನಿನ ಬಣ್ಣದ ಲೆಕ್ಕವಾದ ಆರ್‌ಜಿಬಿಯಲ್ಲೇ ಕೊಟ್ಟಿದ್ದೆ. ಪ್ರೆಸ್‌ನ ನಾಲ್ಕು ಶಾಯಿಯ ಲೆಕ್ಕವಾದ ಸಿಎಂವೈಕೆಗೆ ಬದಲಾಯಿಸಿ, ಫೋಟೋವನ್ನು ಸ್ವಲ್ಪ ಜಾಸ್ತಿಯೇ ಬೆಳಗಿಸಿ ಕೊಡಬೇಕಿತ್ತು. ಇನ್ನೊಂದು, ಪರ್ಸಿನಲ್ಲಿ ವಾರ ಇದ್ದರೆ ಕಪ್ಪು ಕಾರ್ಡಿನ ಅಂಚು ಬೆಳ್ಳಗಾಗುತ್ತದೆ. ಸುಮ್ನೆ ದುಡ್ಡು ದಂಡ.

ಅಳತೆ 90 x 54 ಮಿಲಿಮೀಟರ್ ಇಡಿ, ಆದರೆ ಪ್ರೆಸ್‌ನವರನ್ನು ಮೊದಲು ಕೇಳಿ. ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಹಿನ್ನೆಲೆ) ಬಿಡಿ, ಇಲ್ಲದಿದ್ದರೆ ಕಟಿಂಗ್ ಸ್ವಲ್ಪ ಸರಿದರೂ ಬಿಳಿ ಗೆರೆ ಕಾಣುತ್ತೆ. ಫೋಟೋ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ. ಸಣ್ಣ ಅಕ್ಷರಗಳಿಗೆ ಬರೀ ಕಪ್ಪು ಶಾಯಿ, ನಾಲ್ಕು ಬಣ್ಣ ಬೆರೆಸಿದ ಕಪ್ಪು ಬೇಡ.

ಕನ್ನಡದಲ್ಲಿ ಹೆಸರು ಹಾಕುತ್ತೀರಾ? ಹಾಗಾದರೆ ಇದನ್ನು ಮರೆಯಬೇಡಿ. ಯೂನಿಕೋಡ್ ಅಕ್ಷರ ಪ್ರೆಸ್‌ನ ಹಳೇ ಸಾಫ್ಟ್‌ವೇರಿನಲ್ಲಿ ತೆರೆದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಬಹುದು. ‘ಛಾಯಾಗ್ರಾಹಕ’ದ ರಕಾರ ಎಲ್ಲೋ ಹೋಗಿ ಕೂತಿರುತ್ತದೆ! ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಕಿಲ್ಲದ ಗೆರೆಚಿತ್ರವಾಗಿ ಬದಲಾಯಿಸಿ, ಪಿಡಿಎಫ್ ಕೊಡಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ.

ಬರಹ ಕಡಿಮೆ ಸಾಕು. ಹೆಸರು, ಏನು ಶೂಟ್ ಮಾಡುತ್ತೀರಿ, ಊರು, ವಾಟ್ಸಾಪ್ ಇರುವ ಒಂದೇ ನಂಬರ್. ಕ್ಯೂಆರ್ ಕೋಡ್ ಬೇಕಿದ್ದರೆ 2 ಸೆಂಟಿಮೀಟರಿಗಿಂತ ಚಿಕ್ಕದು ಬೇಡ. ಅದು ನಿಮ್ಮ ಆಲ್ಬಂ ಪುಟಕ್ಕೆ ನೇರವಾಗಿ ಹೋಗಲಿ. ಪುಕ್ಕಟೆ ಸೈಟಿನ ಮೂಲಕ ಸುತ್ತಿ ಹೋಗುವ ಲಿಂಕ್ ಹಾಕಿಕೊಂಡರೆ, ಆ ಸೈಟ್ ನಿಂತ ದಿನ ಕಾರ್ಡೂ ದಂಡ.

ಈಗ ನನ್ನ ಕಾರ್ಡಿನ ಹಿಂಬದಿಗೆ ಲ್ಯಾಮಿನೇಷನ್ನೇ ಇಲ್ಲ. ‘ಮುಹೂರ್ತದ ದಿನ’ ಅಂತ ಬರೆದು ಮುಂದೆ ಖಾಲಿ ಗೆರೆ ಬಿಟ್ಟಿದ್ದೇನೆ. ಛತ್ರದಲ್ಲಿ ಯಾರಾದರೂ ‘ನಮ್ಮ ಮನೇಲೂ ಮದುವೆ ಇದೆ’ ಅಂದರೆ, ಅಲ್ಲೇ ಪೆನ್ನಿನಲ್ಲಿ ದಿನ ಬರೆದು ಕೊಡುತ್ತೇನೆ. ದಿನ ಬರೆದ ಕಾರ್ಡನ್ನು ಜನ ಬಿಸಾಡುವುದು ಕಡಿಮೆ. ಹೊಳೆಯುವ ಲ್ಯಾಮಿನೇಷನ್ ಮೇಲೆ ಪೆನ್ನು ಹಿಡಿಯುವುದಿಲ್ಲ.

ಆಫ್‌ಸೆಟ್‌ನಲ್ಲಿ (ಪ್ಲೇಟ್ ಮಾಡಿ ರಾಶಿಯಾಗಿ ಅಚ್ಚು ಹಾಕುವ ವಿಧಾನ) ಸಾವಿರ ಹಾಕಿಸುವ ಮುಂಚೆ ಡಿಜಿಟಲ್‌ನಲ್ಲಿ ನೂರು ತೆಗೆಸಿ. ಅದಕ್ಕೂ ಮುಂಚೆ ಮನೆಯಲ್ಲೇ ಅಸಲಿ ಅಳತೆಗೆ ಒಂದು ಪ್ರಿಂಟ್ ತೆಗೆದು, ಅಪ್ಪನಿಗೋ ಮಾವನಿಗೋ ಕನ್ನಡಕ ಇಲ್ಲದೆ ನಂಬರ್ ಓದಲು ಹೇಳಿ. ಮದುವೆ ಮನೆಯಲ್ಲಿ ಫೋನ್ ಮಾಡುವವರು ಹೆಚ್ಚಾಗಿ ಅವರೇ.