ಅಣ್ಣನಿಗೆ ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ರೋಗನಿರೋಧಕ ಜೀನ್ ಟೆಸ್ಟ್ ಮಾಡಿಸಿದರೆ ನನಗೂ ಬರುತ್ತಾ ಅಂತ ಗೊತ್ತಾಗುತ್ತಾ? (ಮಧುಗಿರಿಯಿಂದ)

ಗೊತ್ತಾಗಲ್ಲ. ಆ ಟೆಸ್ಟ್‌ಗೆ ದುಡ್ಡು ಸುರಿಯಬೇಡಿ.

ನೀವು ಓದಿರುವುದು ಬಹುಶಃ ಸಿ4 ಜೀನ್ ಬಗ್ಗೆ. ಅದು 6ನೇ ಕ್ರೋಮೋಸೋಮ್‌ನಲ್ಲಿದೆ, ಎಲ್ಲರಲ್ಲೂ ಇರುತ್ತೆ. ಎಷ್ಟು ಪ್ರತಿ, ಯಾವ ಬಗೆ ಅನ್ನೋದು ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದರ ಪ್ರೋಟೀನ್ ರೋಗಾಣುಗಳ ಮೇಲೆ ಗುರುತು ಹಾಕುತ್ತೆ, ಗುರುತು ಬಿದ್ದದ್ದನ್ನು ರಕ್ಷಕ ಕೋಶಗಳು ನುಂಗುತ್ತವೆ. ಮಿದುಳಿನಲ್ಲೂ ಇದೇ ಗುರುತು ಬಳಕೆಯಾಗುತ್ತೆ. ಬೆಳೆಯುವ ವಯಸ್ಸಿನಲ್ಲಿ ನರಕೋಶಗಳ ನಡುವಿನ ಹೆಚ್ಚುವರಿ ಜೋಡಣೆಗಳು ಹೋಗಬೇಕು, ಗುರುತು ಬೀಳುವುದು ಅವುಗಳ ಮೇಲೆ. ನಮ್ಮ ಕಡೆ ರಾಗಿ ಹೊಲಕ್ಕೆ ಕುಂಟೆ ಹೊಡೆದು ಒತ್ತಾದ ಪೈರು ತೆಗೀತೀವಲ್ಲ, ಹಾಗೆ. 2016ರಲ್ಲಿ ಹಾರ್ವರ್ಡ್‌ನ ಸ್ಟೀವನ್ ಮೆಕ್‌ಕ್ಯಾರೊಲ್ ತಂಡ ಒಂದು ವಿಷಯ ತೋರಿಸಿತು: ಮಿದುಳಿನಲ್ಲಿ ಸಿ4ಎ (ಸಿ4ನ ಒಂದು ಬಗೆ) ಜಾಸ್ತಿ ಮಾಡಿಸುವ ಜೀನ್ ರೂಪಗಳಿದ್ದವರಲ್ಲಿ ಸ್ಕಿಜೋಫ್ರೀನಿಯಾ ಅಪಾಯವೂ ಜಾಸ್ತಿ. ಸಿ4 ಇಲ್ಲದ ಇಲಿಗಳಲ್ಲಿ ಜೋಡಣೆ ಕೀಳುವ ಕೆಲಸ ಕುಂಠಿತವಾಗಿತ್ತು. ಹಾಗಾದರೆ ಕಾಯಿಲೆಯಲ್ಲಿ ಬೇಕಾದ ಜೋಡಣೆಗಳೂ ಕಿತ್ತುಹೋಗುತ್ತಿವೆಯಾ? ಅದೇ ಈಗಿನ ಬಲವಾದ ಅನುಮಾನ. ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆಗೆ ಇಲ್ಲವೇ ಇಪ್ಪತ್ತರ ಹರೆಯದಲ್ಲಿ ಶುರುವಾಗುವುದಕ್ಕೂ ಇದು ಹೊಂದುತ್ತೆ.

ಆದರೆ ಲೆಕ್ಕ ನೋಡಿ. ಎಲ್ಲರನ್ನೂ ತಗೊಂಡರೆ ಈ ಕಾಯಿಲೆ ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಸಿ4ನ ಅಪಾಯದ ಬಗೆ ಇದ್ದರೂ ಆ ಸಾಧ್ಯತೆ ಎರಡು ಪಟ್ಟು ಕೂಡ ಆಗಲ್ಲ. ಕಾಯಿಲೆ ಇದ್ದವರ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಜನಕ್ಕೆ ಬರುತ್ತೆ. ಅಂದರೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಬರಲ್ಲ, ಅಲ್ವಾ?

ಗಾಂಜಾ ಮಾತ್ರ ಮುಟ್ಟಬೇಡಿ, ಅದು ಅಪಾಯ ಹೆಚ್ಚಿಸುತ್ತೆ. ಯಾರೂ ಇಲ್ಲದೆ ದನಿ ಕೇಳಿಸಿದರೆ, ಸುಮ್ನೆ ಎಲ್ಲರ ಮೇಲೂ ಅನುಮಾನ ಬಂದರೆ ತಡಮಾಡದೆ ತುಮಕೂರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಉಚಿತ.